ಕರಿ ಗುಂಡಿಯ ಪೀರಿಯಡ್

ನಮ್ಮ ಶಾಲೆಯ ವೇಳಾಪಟ್ಟಿ ಇದ್ದದ್ದು ಕಾಗದದ ಮೇಲಲ್ಲ, ಬಟ್ಟೆಯ ಮೇಲೆ. ಹೀಗೆಂದರೆ ಈಗಿನ ಯಾವ ಮೇಷ್ಟರೂ ನಂಬುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನ, ನಾನೂ ನಂಬಿರಲಿಲ್ಲ. ನನ್ನ ಪೀರಿಯಡ್‌ಗಳು ಯಾವುವು ಎಂದು ಕೇಳಿದ್ದಕ್ಕೆ ಶಾಲೆಯ ಜವಾನ ನನ್ನನ್ನು ನೆಲಮಹಡಿಯ ಹೊಲಿಗೆ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಗೆ ತೂಗುಹಾಕಿದ್ದ ಬೂದು ಬಣ್ಣದ ದಪ್ಪ ಬಟ್ಟೆಯನ್ನು ತೋರಿಸಿ, “ಅಲ್ಲಿದೆ, ನೋಡ್ಕೊಳ್ಳಿ ಸರ್” ಎಂದು ಹೊರಟೇಹೋದ.

ಬಾಗಿಲಿನಷ್ಟು ಎತ್ತರ, ಎರಡು ಬಾಗಿಲಿನಷ್ಟು ಅಗಲದ ಬಟ್ಟೆ. ಅದರ ತುಂಬ ಬಿಳಿ ದಾರದಲ್ಲಿ ಹೊಲಿದ ಚೌಕಗಳು. ಅಡ್ಡಸಾಲು ಒಂದೊಂದು ತರಗತಿಗೆ, ಉದ್ದಸಾಲು ಒಂದೊಂದು ಪೀರಿಯಡ್‌ಗೆ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನದ ಉದ್ದಸಾಲುಗಳು ಒಂದರ ಪಕ್ಕ ಒಂದು. ತೀರ ಕೆಳಗೆ ನಾಲ್ಕು ಅಡ್ಡಸಾಲು ವಿಶೇಷ ಕೋಣೆಗಳಿಗೆ: ವಿಜ್ಞಾನದ ಲ್ಯಾಬ್, ಕಂಪ್ಯೂಟರ್, ಚಿತ್ರಕಲೆ, ಹೊಲಿಗೆ. ಪಾಠವಿರುವ ಪ್ರತಿ ಚೌಕದಲ್ಲೂ ಒಂದು ಗುಂಡಿ. ಗುಂಡಿ ಎಂದರೆ ಅಂಗಿಗೆ ಹಾಕುವ ಗುಂಡಿಯೇ. ಗಣಿತದ ಮೇಷ್ಟರಿಗೆ ಕೋಟಿನ ಕಂದು ಗುಂಡಿ, ಚಿತ್ರಕಲೆಯವರಿಗೆ ಕೆಂಪು ಬಟ್ಟೆ ಹೊದಿಸಿದ್ದು, ಆಟದ ಮೇಷ್ಟರಿಗೆ ಬಿಸ್ಕತ್ತಿನಷ್ಟು ದೊಡ್ಡದು. ಒಂದೇ ಉದ್ದಸಾಲಿನಲ್ಲಿ ಆಟದ ಮೇಷ್ಟರ ಗುಂಡಿ ಎರಡು ಕಂಡರೆ ಆ ಮನುಷ್ಯ ಏಕಕಾಲಕ್ಕೆ ಎರಡು ಕಡೆ ಓಡಬೇಕು, ಅಂದರೆ ವೇಳಾಪಟ್ಟಿ ತಪ್ಪು.

ಇದನ್ನು ಮಾಡಿದವರು ಹೊಲಿಗೆ ಟೀಚರ್. ಮಕ್ಕಳ ಬಾಯಲ್ಲಿ ಗುಂಡಿ ಟೀಚರ್. ಕುಳ್ಳನೆಯ ದೇಹ, ಕೊರಳಿಗೆ ಹಾವಿನಂತೆ ಸುತ್ತಿಕೊಂಡ ಅಳತೆಪಟ್ಟಿ, ಎದೆಯ ಹತ್ತಿರ ಬಟ್ಟೆಗೆ ಚುಚ್ಚಿಕೊಂಡ ಎರಡು ಸೂಜಿ. ಅವತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯೊಳಗೆ ಕೈಯಾಡಿಸಿ, ಅಂಗಿಯ ಒಂದು ತೆಳು ಪಾರದರ್ಶಕ ಗುಂಡಿ ತೆಗೆದರು.

“ಇದು ನಿಮ್ದು. ಹೊಸಬ್ರು ನೀವು, ಇನ್ನೂ ಬಣ್ಣ ಹತ್ತಿಲ್ಲ.”

ನಾನೋ ಕಂಪ್ಯೂಟರ್ ಮೇಷ್ಟರು. ವಯಸ್ಸು ಇಪ್ಪತ್ತಾರು. ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಕೊಂಕು. ಇಡೀ ಶಾಲೆ ಗುಂಡಿಯ ಮೇಲೆ ನಡೆಯುತ್ತಿದೆ ಎಂಬುದು ನನಗೆ ಅವಮಾನವೆನಿಸಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನಗೆ ಆ ಗಿಡ ಕಳೆಯಾಗಿ ಕಂಡಿತ್ತು.

ಮೂರು ವರ್ಷ ನಾನು ಸಣ್ಣ ತರಗತಿಗಳಿಗೆ ಮೌಸ್ ಹಿಡಿಯುವುದನ್ನು ಕಲಿಸಿಕೊಂಡು ಕೂತಿದ್ದೆ. ನಾಲ್ಕನೆಯ ವರ್ಷ ಒಂಬತ್ತನೇ ತರಗತಿಗೆ ಕಂಪ್ಯೂಟರನ್ನು ಐಚ್ಛಿಕ ವಿಷಯವಾಗಿ ತರಲು ಅನುಮತಿ ಬಂತು. ಎಂಟನೇ ತರಗತಿ ಮುಗಿಸಿದ ಮಕ್ಕಳಿಗೆ ಒಂದು ಗುಲಾಬಿ ಬಣ್ಣದ ಫಾರಂ ಕೊಡುತ್ತಿದ್ದರು. ಅದರಲ್ಲಿ ಆರು ವಿಷಯ, ಪಕ್ಕದಲ್ಲಿ ಆರು ಚೌಕ. ಯಾವುದಾದರೂ ಎರಡಕ್ಕೆ ಮಗುವೇ ಗುರುತು ಹಾಕಬೇಕು, ಕೆಳಗೆ ಹೆತ್ತವರ ಸಹಿ.

ಫಾರಂ ಕೊಡುವ ಮುನ್ನ ಎಲ್ಲ ಮೇಷ್ಟರೂ ಸಭಾಂಗಣದಲ್ಲಿ ನಿಂತು ತಂತಮ್ಮ ವಿಷಯವನ್ನು ಹೊಗಳಿಕೊಳ್ಳುವ ಪದ್ಧತಿ. ಸಂತೆಯಲ್ಲಿ ತರಕಾರಿ ಕೂಗಿದಂತೆಯೇ. ನಾನು ಮಾತಾಡಲಿಲ್ಲ. ಶಾಲೆಯ ಮೆಟ್ಟಿಲಿನ ಚಿತ್ರವೊಂದನ್ನು ಪರದೆಯ ಮೇಲೆ ಹಾಕಿ, ನಾಲ್ಕು ಸಾಲು ಪ್ರೋಗ್ರಾಂ ಬರೆದು, ಒಂದು ಚುಕ್ಕೆಯನ್ನು ಆ ಮೆಟ್ಟಿಲು ಹತ್ತಿಸಿದೆ. ಐದನೇ ಮೆಟ್ಟಿಲಲ್ಲಿ ಚುಕ್ಕೆ ಮುಗ್ಗರಿಸಿತು. ಮಕ್ಕಳೆಲ್ಲ ಹೋ ಎಂದರು, ಏಕೆಂದರೆ ನಮ್ಮ ಶಾಲೆಯ ಐದನೇ ಮೆಟ್ಟಿಲು ಒಡೆದಿತ್ತು, ಅಲ್ಲಿ ಎಡವದ ಮಗು ಇರಲಿಲ್ಲ. “ಒಂದು ಸಾಲು ಬದಲಾಯಿಸಿ ಇದನ್ನು ಎಡವದ ಹಾಗೆ ಮಾಡೋದು ಹೇಗೆ? ಬನ್ನಿ, ಹೇಳಿಕೊಡ್ತೀನಿ” ಎಂದು ಇಳಿದುಬಂದೆ.

ಹತ್ತು ಮಕ್ಕಳು ಬಂದರೆ ಹೆಚ್ಚು ಅಂದುಕೊಂಡಿದ್ದೆ. ಇಪ್ಪತ್ತೊಂದು ಫಾರಂ ಬಂದವು. ಅವನ್ನು ಎದೆಗವಚಿಕೊಂಡು ಮಹಡಿ ಹತ್ತುವಾಗ ಐದನೇ ಮೆಟ್ಟಿಲಲ್ಲಿ ನಾನೇ ಎಡವಿದೆ.

ಆ ಇಪ್ಪತ್ತೊಂದರಲ್ಲಿ ಒಂದು ಬಸ್ ಡ್ರೈವರ್ ಮಗಳದು. ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ಅವಳ ಹೆಸರೇ ‘ಯಾಕೆ’ ಆಗಿಬಿಟ್ಟಿತ್ತು. ಅವಳು ಕಂಪ್ಯೂಟರ್ ಜೊತೆ ಜೀವಶಾಸ್ತ್ರಕ್ಕೂ ಗುರುತು ಹಾಕಿದ್ದಳು. ಎರಡೂ ಭಾರದ ವಿಷಯ, ಯೋಚನೆ ಮಾಡು ಎಂದೆ.

“ಮಾಡಿದೀನಿ ಸರ್. ನಮ್ಮಮ್ಮ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡೋ ಕಡೆ ಕೆಲಸ ಮಾಡ್ತಾರೆ. ಅಲ್ಲೊಂದು ಮಿಷನ್ ಇದೆ, ಒಂದು ತೊಟ್ಟು ರಕ್ತ ಹಾಕಿದ್ರೆ ಅದರಲ್ಲಿ ಎಷ್ಟು ಕಣ ಇದೆ ಅಂತ ಎಣಿಸಿ ಹೇಳತ್ತೆ. ಏನನ್ನ ಎಣಿಸತ್ತೆ ಅಂತ ಜೀವಶಾಸ್ತ್ರದವ್ರು ಹೇಳ್ತಾರೆ. ಹೇಗೆ ಎಣಿಸತ್ತೆ ಅಂತ ಯಾರು ಹೇಳ್ತಾರೆ?”

ಹದಿನಾಲ್ಕು ವರ್ಷದ ಹುಡುಗಿ ಆರು ಚೌಕದ ಫಾರಂ ಎದುರು ಕೂತು ಇಷ್ಟು ಯೋಚಿಸಿದ್ದಾಳಲ್ಲ ಎಂದುಕೊಂಡು ಅವಳ ಫಾರಂ ಕಟ್ಟಿನ ಮೇಲಕ್ಕಿಟ್ಟೆ.

ತೊಡಕು ಶುರುವಾದದ್ದೂ ಅಲ್ಲೇ. ಅವಳಂತೆ ಎರಡನ್ನೂ ಆರಿಸಿಕೊಂಡ ಮಕ್ಕಳು ಒಂಬತ್ತು ಮಂದಿ. ಕಂಪ್ಯೂಟರಿಗೆ ಕೊಟ್ಟಿದ್ದ ಪೀರಿಯಡ್ ಎರಡನೆಯದು. ಜೀವಶಾಸ್ತ್ರವೂ ಆ ಹೊತ್ತಿಗೇ. ಆ ಒಂಬತ್ತು ಮಕ್ಕಳಿಗೆ ಬೇರೆ ಹೊತ್ತು, ಬೇರೆ ಕೋಣೆ ಹುಡುಕಬೇಕಿತ್ತು.

ಆ ವರ್ಷವೇ ನಮ್ಮ ಮುಖ್ಯೋಪಾಧ್ಯಾಯಿನಿ, ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು, ವೇಳಾಪಟ್ಟಿ ತಯಾರಿಸುವ ಒಂದು ಪ್ರೋಗ್ರಾಂ ತರಿಸಿದ್ದರು. ಬಟ್ಟೆಯ ಮೇಲಿದ್ದದ್ದನ್ನೆಲ್ಲ ಅದಕ್ಕೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಮಧ್ಯಾಹ್ನ ಹೊಲಿಗೆ ಕೋಣೆಯಲ್ಲಿ ಕೂತು ಗುಂಡಿ ನೋಡಿ ನೋಡಿ ತಲೆ ಚಿಟ್ಟು ಹಿಡಿಯಿತು. ಗುಂಡಿ ಟೀಚರ್ ಪಕ್ಕದಲ್ಲೇ ಮಕ್ಕಳ ಅಂಚುಹೊಲಿಗೆ ನೋಡುತ್ತ, ನನ್ನ ಕಡೆ ತಿರುಗದೆಯೇ ಉತ್ತರ ಹೇಳುತ್ತಿದ್ದರು.

ಹೊಲಿಗೆ ಕೋಣೆಯ ಸಾಲಿಗೆ ಬಂದಾಗ ಕೈ ನಿಂತಿತು. ಅಲ್ಲಿ ಅವರ ಗುಂಡಿ ಬಿಳಿಯ ಚಿಪ್ಪಿನದು. ಆದರೆ ಐದೂ ದಿನ ನಾಲ್ಕನೇ ಪೀರಿಯಡ್‌ನ ಚೌಕದಲ್ಲಿ ಒಂದೊಂದು ಕರಿ ಗುಂಡಿ. ಕರಿ ಗುಂಡಿಯ ಮೇಷ್ಟರು ನಮ್ಮಲ್ಲಿ ಯಾರೂ ಇರಲಿಲ್ಲ.

“ಇದು ಯಾರದು ಟೀಚರ್?”

ಅವರ ಸೂಜಿ ಒಂದು ಕ್ಷಣ ತಡೆಯಿತು. “ಅದೂ ಒಂದು ಪಾಠ ಅಂತ್ಲೇ ಹಾಕ್ಕೊಳ್ಳಿ.”

ಹಾಗೇ ಹಾಕಿಕೊಂಡೆ. ಒಂಬತ್ತು ಮಕ್ಕಳ ವಿಷಯವನ್ನೂ ಸೇರಿಸಿ ಗುಂಡಿಯೊತ್ತಿದೆ. ಕಂಪ್ಯೂಟರ್ ಹನ್ನೊಂದು ನಿಮಿಷ ಗುಂಯ್‌ಗುಟ್ಟಿ, ಸಾಧ್ಯವಿಲ್ಲ ಎಂದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಕಂಪ್ಯೂಟರನ್ನೇ ಬೈದು ಮತ್ತೆ ಮೂರು ಸಲ ಓಡಿಸಿದೆ. ಉತ್ತರ ಅದೇ. ಬೇರೆ ಕೆಲವು ಪಾಠಗಳನ್ನು ಅತ್ತಿತ್ತ ಸರಿಸಿದರೆ ಆ ಒಂಬತ್ತು ಮಕ್ಕಳನ್ನು ನಾಲ್ಕನೇ ಪೀರಿಯಡ್‌ಗೆ ತರಬಹುದಿತ್ತು, ಆಗ ನಾನೂ ಬಿಡುವಾಗಿರುತ್ತಿದ್ದೆ. ಆದರೆ ಆ ಹೊತ್ತಿಗೆ ಕಂಪ್ಯೂಟರ್ ಕೋಣೆಯಲ್ಲಿ ಹತ್ತನೆಯವರು ಹೆಡ್‌ಫೋನ್ ಹಾಕಿಕೊಂಡು ಭಾಷೆಯ ಪಾಠ ಕೇಳುತ್ತಿದ್ದರು. ದೊಡ್ಡ ಮೇಡಂ ಬೀರುವಿನಲ್ಲಿ ಐದು ಹಳೆಯ ಲ್ಯಾಪ್‌ಟಾಪ್ ಇದ್ದವು. ಅವನ್ನಿಟ್ಟು ಪಾಠ ಮಾಡಲು ಸಾಕಷ್ಟು ಕರೆಂಟ್ ಪಾಯಿಂಟ್ ಇರುವ ಕೋಣೆ ಬೇಕಿತ್ತು. ಅಂಥವು ಎರಡೇ, ವಿಜ್ಞಾನದ ಲ್ಯಾಬ್ ಮತ್ತು ಮೋಟಾರು ಹೊಲಿಗೆ ಯಂತ್ರಗಳಿದ್ದ ಹೊಲಿಗೆ ಕೋಣೆ. ಎರಡೂ ತುಂಬಿದ್ದವು.

ದೊಡ್ಡ ಮೇಡಂ ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿಗೆ ಪಟ್ಟಿ ಕಳಿಸುವ ಗಡುವಿತ್ತು. “ಶುಕ್ರವಾರ ಸಂಜೆ ಒಳಗೆ ಒಂಬತ್ತು ಹೆಸರು ಹೊಡೆದುಹಾಕಿ ಕೊಡಿ. ಅವರಿಗೆ ಚಿತ್ರಕಲೆ ಹಾಕೋಣ” ಎಂದರು.

ಫಾರಂಗಳನ್ನೂ ಕೆಂಪು ಪೆನ್ನನ್ನೂ ಹಿಡಿದು ಸ್ಟಾಫ್ ರೂಮಿನಲ್ಲಿ ಕೂತೆ. ಮೇಲಿನದೇ ‘ಯಾಕೆ’ಯದು. ಅವಳ ಗುರುತು ಎಷ್ಟು ಒತ್ತಿ ಹಾಕಿದ್ದೆಂದರೆ ಕಾಗದದ ಹಿಂಬದಿಗೂ ಮೂಡಿತ್ತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಾಗ ಎದುರಿಗೆ ಗುಂಡಿ ಟೀಚರ್ ಬಂದು ಕೂತರು.

“ಏನದು?”

ಹೇಳಿದೆ. ಅವರು ಫಾರಂ ಎತ್ತಿಕೊಂಡು, ಓದುವ ಬದಲು, ಗುರುತಿನ ಮೇಲೆ ಬೆರಳಾಡಿಸಿದರು.

“ನಮ್ಮ ಕಾಲದಲ್ಲಿ ಫಾರಂ ಎಲ್ಲಿತ್ತು? ಒಂದಿನ ಬಂದು, ಹುಡುಗೀರೆಲ್ಲ ಎದ್ದು ಈ ಕಡೆ ಬನ್ನಿ ಅಂದ್ರು. ಎದ್ದು ಹೋದೆ. ಅದೇ ಹೊಲಿಗೆ ಕ್ಲಾಸು.” ಅವರು ನಕ್ಕರು. “ನಂಗೆ ಲೆಕ್ಕ ಅಂದ್ರೆ ಪ್ರಾಣ, ಮೇಷ್ಟ್ರೇ. ಯಾರೂ ಕೇಳ್ಲಿಲ್ಲ. ಈ ಮಕ್ಕಳನ್ನ ಕೇಳಿದ್ದೀವಿ. ಕೇಳಿ, ಅವ್ರು ಹೇಳಿದ್ಮೇಲೆ ಹೆಸ್ರು ಹೊಡೆದುಹಾಕೋದಾ?”

“ಮತ್ತೇನ್ಮಾಡ್ಲಿ ಟೀಚರ್? ಆಗಲ್ಲ ಅಂತ ಕಂಪ್ಯೂಟರೇ ಹೇಳ್ತಿದೆ.”

“ಶುಕ್ರವಾರ ಅಂದ್ರಲ್ಲ? ಇವತ್ತಿನ್ನೂ ಬುಧವಾರ. ಆ ಪೆನ್ನು ಮುಚ್ಚಿಡಿ.”

ಅವರ ತಂದೆ ದರ್ಜಿ. ಒಂದೇ ಕೋಣೆಯ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಗುಂಡಿ ವಿಂಗಡಿಸುವುದು ಐದು ವರ್ಷದ ಮಗಳ ಕೆಲಸ. ಮೇಜಿನ ಕೆಳಗೆ ಬೆಳಕಿಲ್ಲ, ಹಾಗಾಗಿ ಬೆರಳಲ್ಲೇ ಗುರುತು ಹಿಡಿಯಬೇಕು. ಎರಡು ತೂತಿನದು, ನಾಲ್ಕು ತೂತಿನದು, ಅಂಚು ಎದ್ದದ್ದು, ಬೆನ್ನಲ್ಲಿ ದಾರ ಪೋಣಿಸುವ ಬಳೆಯಿರುವುದು. ಆ ಬೆರಳಿನಿಂದಲೇ ಮೂವತ್ತೊಂದು ವರ್ಷ ನಮ್ಮ ಶಾಲೆಯ ಸಮಯವನ್ನು ಹೊಲಿದಿದ್ದರು. ಅದೂ ಸಂಬಳದ ಕೆಲಸವಲ್ಲ. ಯಾವುದೋ ಕಾಲದ ಹೆಡ್‌ಮಾಸ್ತರರು, ಹೊಲಿಗೆಯವರಿಗೆ ಏನು ಕೆಲಸ, ಇದನ್ನೂ ಮಾಡಲಿ ಎಂದು ತಳ್ಳಿದ್ದು. ಎಲೆಮರೆಯ ಕಾಯಿ ಎಂದರೆ ಅವರೇ.

ಎರಡು ದಿನ ನಾನು ಅವರನ್ನು ಕದ್ದು ಕದ್ದು ನೋಡಿದೆ. ಬಟ್ಟೆಯನ್ನು ಗೋಡೆಯಿಂದ ಇಳಿಸಿ ಮಡಿಲ ಮೇಲೆ ಹಾಕಿಕೊಂಡಿದ್ದರು. ಕಣ್ಣು ಮಕ್ಕಳ ಹೊಲಿಗೆಯ ಮೇಲೆ, ಎಡಗೈ ಬಟ್ಟೆಯ ಮೇಲೆ. ಬೆರಳು ಒಂದು ಚೌಕದಿಂದ ಇನ್ನೊಂದಕ್ಕೆ ನಡೆಯುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಹಾಗೇ ಕೂತಿದ್ದರು. ಬಸ್ ಸ್ಟಾಪಿನಲ್ಲಿ ಕಂಡಾಗ ಬಟ್ಟೆ ಕೈಯಲ್ಲಿರಲಿಲ್ಲ. ಆದರೂ ಬೆರಳುಗಳು ಚೀಲದ ಮೇಲೆ ನಡೆಯುತ್ತಲೇ ಇದ್ದವು. ಬಟ್ಟೆಯಿಡೀ ಅವರ ತಲೆಯಲ್ಲಿತ್ತು. ಇನ್ನೂರು ಮುನ್ನೂರು ಗುಂಡಿ, ಅಷ್ಟೂ ಅವುಗಳ ಜಾಗದಲ್ಲಿ.

ಶುಕ್ರವಾರ ಮೂರು ಗಂಟೆಗೆ ಕರೆ ಬಂತು. ಹೋದಾಗ ದೊಡ್ಡ ಮೇಡಂ ಅಲ್ಲೇ ಇದ್ದರು. ಗುಂಡಿ ಟೀಚರ್ ಕತ್ತರಿ ತೆಗೆದುಕೊಂಡರು. ಸಂಗೀತದವರನ್ನು ಬಿಚ್ಚಿ ಬೆಳಗ್ಗೆಗೆ, ಆಟದ ಮೇಷ್ಟರನ್ನು ಬಿಚ್ಚಿ ಕೊನೆಗೆ, ಇತಿಹಾಸದವರನ್ನು ಸಂಗೀತದವರ ಜಾಗಕ್ಕೆ. ಬಿಚ್ಚಿದ್ದನ್ನು ತುಟಿಯಲ್ಲಿ ಕಚ್ಚಿಕೊಂಡು ಇನ್ನೊಂದು ಕಡೆ ಎರಡೇ ಹೊಲಿಗೆಯಲ್ಲಿ ನಿಲ್ಲಿಸುತ್ತಿದ್ದರು. ಹದಿನೇಳು ಗುಂಡಿ ಜಾಗ ಬದಲಾಯಿಸಿದವು. ಕೊನೆಗೆ ಬಟ್ಟೆಯ ಅಡಿಗೆ ಬಂದರು. ಹೊಲಿಗೆ ಕೋಣೆ, ನಾಲ್ಕನೇ ಪೀರಿಯಡ್. ಅಲ್ಲಿ ಮಾತ್ರ ಕತ್ತರಿ ಕೊಂಚ ಹೊತ್ತು ಗಾಳಿಯಲ್ಲಿ ನಿಂತಿತ್ತು. ಆಮೇಲೆ ಐದು ಕರಿ ಗುಂಡಿಗಳನ್ನೂ ಕಿತ್ತು, ಆ ಐದು ಚೌಕದಲ್ಲಿ ನನ್ನ ಪಾರದರ್ಶಕ ಗುಂಡಿ ಹೊಲಿದರು.

“ಒಂಬತ್ತು ಮಕ್ಕಳು, ನಿಮ್ಮ ಐದು ಮಿಷನ್ನು, ನನ್ನ ಕೋಣೆ. ಆಯ್ತಲ್ಲ?”

ನಾನು ಓಡಿಹೋಗಿ ಹೊಸ ಜೋಡಣೆಯನ್ನು ಕಂಪ್ಯೂಟರಿಗೆ ತುಂಬಿ, ತಪ್ಪಿದ್ದರೆ ಹುಡುಕು ಎಂದೆ. ಅದು ಹುಡುಕಿತು. ತಪ್ಪುಗಳು: ಸೊನ್ನೆ. ದೊಡ್ಡ ಮೇಡಂ ಮೂಗಿನ ಮೇಲೆ ಬೆರಳಿಟ್ಟರು. ನಾನು ಪರದೆಯ ಮೇಲಿನ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದೆ. ನಾಲ್ಕು ವರ್ಷ ಓದಿ ನಾನು ಕಲಿತದ್ದನ್ನು ಮೇಜಿನ ಕೆಳಗೆ ಕೂತ ಮಗುವೊಂದು ಬೆರಳಲ್ಲಿ ಕಲಿತುಬಿಟ್ಟಿತ್ತು.

ಆದರೆ ಮೆಚ್ಚಿದ ಬಾಯಿಗೆ ಕೊಂಕಾಡುವ ಅಭ್ಯಾಸ ಹೋಗಬೇಕಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಆ ಮಾತೇ ಆಡುತ್ತಿದ್ದಾಗ ನಾನೆಂದೆ: “ಎಲ್ಲ ಸರಿ, ಆ ಕರಿ ಗುಂಡಿ ಏನು ಗೊತ್ತಾ? ಮೂವತ್ತು ವರ್ಷ ದಿನಾ ಒಂದು ಪೀರಿಯಡ್ ಟೀ ಕುಡಿಯೋಕೆ! ಬಿಡುವು ಅಂತ ಕಂಡ್ರೆ ಬೇರೆಯವ್ರ ಕ್ಲಾಸಿಗೆ ಕಳಿಸ್ತಾರಲ್ಲ, ಅದಕ್ಕೇ ಗುಂಡಿ ಹಾಕಿ ಬಚ್ಚಿಟ್ಟಿದ್ರು.” ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಗುಂಡಿ ಟೀಚರ್ ಬಾಗಿಲಲ್ಲಿದ್ದರು. ಅವರೂ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತು ಹೋದದ್ದು ಏನೆಂದು ನನಗೆ ತಿಳಿಯಲು ಇನ್ನೂ ಹತ್ತು ದಿನ ಬೇಕಾಯಿತು.

ಆ ವಾರ ರಜೆ ಮುಗಿದು ಸಣ್ಣ ತರಗತಿಗಳ ಮಕ್ಕಳೂ ಬಂದು ಶಾಲೆ ಪೂರ್ತಿ ಶುರುವಾದ ಮೇಲೆ ಹೊಲಿಗೆ ಕೋಣೆಯಲ್ಲಿ ನನ್ನ ಪಾಠ ಆರಂಭವಾಯಿತು. ಯಂತ್ರಗಳನ್ನು ಗೋಡೆಗೆ ಸರಿಸಿ, ಉದ್ದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆವು. ಮೂಲೆಯಲ್ಲಿ, ಹೊಲಿದ ಬಟ್ಟೆ ತೊಟ್ಟು ಅಳತೆ ನೋಡಲೆಂದು ಕಟ್ಟಿದ ಹಸಿರು ಪರದೆ. ಮೊದಲ ದಿನ ಪಾಠದ ಮಧ್ಯೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಆರನೇ ತರಗತಿಯ ಪುಟ್ಟ ಹುಡುಗಿ, ಒಂದು ಕೈ ಹಿಂದೆ ಅಡಗಿಸಿಕೊಂಡು ನಿಂತಿದ್ದಳು. ನನ್ನನ್ನು ಕಂಡದ್ದೇ ಓಟ ಕಿತ್ತಳು. ಮಾರನೆಯ ದಿನ ಇನ್ನೊಬ್ಬ. ಅವನೂ ಓಟ. ಮೂರನೆಯ ದಿನ ಇಬ್ಬರು. ಎರಡನೇ ವಾರಕ್ಕೆ ನನ್ನ ತಾಳ್ಮೆ ತಪ್ಪಿತು.

“ಏನಿದು? ಬಾಗಿಲು ತಟ್ಟೋದು, ಓಡಿಹೋಗೋದು! ಇದೇನು ಆಟದ ಮೈದಾನವೇ? ಯಾರು ಹೇಳಿಕೊಟ್ಟಿದ್ದು ಇವಕ್ಕೆ?”

ಒಂಬತ್ತು ಮಕ್ಕಳೂ ತಲೆ ತಗ್ಗಿಸಿದರು. ಸಾಮಾನ್ಯವಾಗಿ ಅವರಲ್ಲಿ ನಾಲ್ವರಾದರೂ ನಗಬೇಕಿತ್ತು. ಕೊನೆಗೆ ‘ಯಾಕೆ’ ಎದ್ದು ನಿಂತಳು.

“ಸರ್, ಅವ್ರು ಆಟಕ್ಕೆ ಬರ್ತಿಲ್ಲ. ಇದು ಕರಿ ಗುಂಡಿ ಪೀರಿಯಡ್ ಅಲ್ವಾ.”

“ಹಾಗಂದ್ರೆ?”

ಅವಳು ಬಲಗೈ ಎತ್ತಿ ಕಂಕುಳ ಹತ್ತಿರ ತೋರಿಸಿದಳು. ನನಗೇನೂ ಕಾಣಲಿಲ್ಲ. “ಇಲ್ಲಿ ಹರಿದಿತ್ತು ಸರ್. ಇದು ನಮ್ಮಕ್ಕನ ಅಂಗಿ. ಏಳನೇ ಕ್ಲಾಸಲ್ಲಿ ಪ್ರಾರ್ಥನೆಗೆ ಕೈ ಎತ್ತಿದಾಗ ಪರ್ ಅಂತು. ನಾಲ್ಕನೇ ಪೀರಿಯಡ್‌ನಲ್ಲಿ ಬಂದು ಬಾಗಿಲು ತಟ್ಟಿದ್ರೆ ಟೀಚರ್ ಆ ಪರದೆ ಹಿಂದೆ ಕೂರಿಸಿ, ಹೊದ್ಕೊಳ್ಳೋಕೆ ಒಂದು ಶಾಲು ಕೊಟ್ಟು ಹೊಲಿದುಕೊಡ್ತಾರೆ. ಏನೂ ಕೇಳಲ್ಲ. ಹೆಸ್ರೂ ಕೇಳಲ್ಲ.”

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆಯೋ ತಿಳಿಯಲಿಲ್ಲ, ಬಟ್ಟೆ ತಾನೇ ಮತ್ತೆ ಬೆಳೆದು ಕೂಡಿಕೊಂಡಂತಿತ್ತು. ಆಗ ಪಕ್ಕದ ಹುಡುಗ ಎದ್ದು ಕಾಲರ್ ತಿರುಗಿಸಿದ. ಅದನ್ನು ಪೂರ್ತಿ ಬಿಚ್ಚಿ, ಸವೆದ ಬದಿಯನ್ನು ಒಳಗೆ ಮಾಡಿ ಹೊಲಿದಿತ್ತು. ಇನ್ನೊಬ್ಬಳು ಲಂಗದ ಅಂಚು ತೋರಿಸಿದಳು. ಒಂಬತ್ತರಲ್ಲಿ ಆರು ಮಕ್ಕಳು ಎದ್ದು ನಿಂತರು. ಮೂರು ವರ್ಷ ಈ ಅಂಗಿಗಳ ಮುಂದೆ ನಿಂತು ಪಾಠ ಮಾಡಿದ್ದೆ, ಒಂದೂ ಕಂಡಿರಲಿಲ್ಲ.

“ನನಗೆ ಯಾಕೆ ಯಾರೂ ಹೇಳಲಿಲ್ಲ?”

“ಹೇಳ್ಬೇಡಿ ಅಂತ ಟೀಚರ್ ಹೇಳಿಲ್ಲ ಸರ್. ಆದ್ರೆ ಯಾರೂ ಹೇಳಲ್ಲ.” ‘ಯಾಕೆ’ ಕೂರಲಿಲ್ಲ. ಲ್ಯಾಪ್‌ಟಾಪಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ನಮ್ಮಿಂದಾನೇ ಅದು ಹೋಯ್ತು ಅಲ್ವಾ ಸರ್? ನಾವು ಕಂಪ್ಯೂಟರ್ ಬಿಟ್ಬಿಟ್ರೆ ವಾಪಸ್ ಬರತ್ತಾ?”

ಆರು ಮಕ್ಕಳೂ ನನ್ನ ಉತ್ತರಕ್ಕೇ ಕಾದಿದ್ದರು. ಅವರು ಆಗಲೇ ತಮ್ಮತಮ್ಮಲ್ಲಿ ಮಾತಾಡಿಕೊಂಡಾಗಿದೆ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಟೀ ಕುಡಿಯುವ ಪೀರಿಯಡ್ ಎಂದು ನಾನಾಡಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಯಾರೂ ಏನೂ ಬಿಡಬೇಡಿ. ನಾಳೆವರೆಗೆ ನನಗೆ ಟೈಮ್ ಕೊಡಿ” ಎಂದೆ.

ಊಟದ ಗಂಟೆ ಹೊಡೆದ ಕೂಡಲೇ ಗುಂಡಿ ಟೀಚರನ್ನು ಹುಡುಕಿ ಹೊರಟೆ. ಸ್ಟಾಫ್ ರೂಮಿನಲ್ಲಿಲ್ಲ. ಕರಿ ಗುಂಡಿ ಹೋದ ಮೇಲೆ ನಾಲ್ಕನೇ ಪೀರಿಯಡ್ ಅವರಿಗೆ ಬರೀ ಬಿಡುವಾಗಿ ಕಂಡು, ಯಾರಾದರೂ ರಜೆ ಹಾಕಿದ ದಿನ ಗುಮಾಸ್ತರು ಆ ಕ್ಲಾಸಿಗೆ ಇವರನ್ನು ಕಳಿಸುತ್ತಿದ್ದರಂತೆ. ಕೊನೆಗೆ ಜವಾನ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯತ್ತ ಗದ್ದ ಎತ್ತಿದ. ಸೀಮೆಸುಣ್ಣದ ಪೆಟ್ಟಿಗೆ, ಮುರಿದ ಬೆಂಚು, ಒಂದು ಬಲ್ಬು. ಅದರಡಿ ಸ್ಟೂಲಿನ ಮೇಲೆ ಅವರು, ಮಡಿಲಲ್ಲಿ ಒಂದು ನೀಲಿ ಲಂಗ. ಪೆಟ್ಟಿಗೆಗಳ ಹಿಂದೆ, ಶಾಲು ಸುತ್ತಿಕೊಂಡ ಆ ಆರನೇ ತರಗತಿಯ ಹುಡುಗಿ. ಬಿಚ್ಚದ ಊಟದ ಡಬ್ಬಿ ನೆಲದ ಮೇಲಿತ್ತು.

ಹುಡುಗಿ ಲಂಗ ತೊಟ್ಟು ಹೋಗುವವರೆಗೆ ನಾನು ಗೋಡೆ ಕಡೆ ಮುಖ ಮಾಡಿ ನಿಂತಿದ್ದೆ.

“ನಾನು ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ ಟೀಚರ್. ತಪ್ಪಾಯ್ತು.”

“ಟೀ ಕುಡಿಯೋದಾ? ಅಯ್ಯೋ ಬಿಡಿ, ಒಂದೊಂದಿನ ಕುಡಿದಿದ್ದೂ ಉಂಟು.”

“ಅವತ್ತು ಆ ಪಾಠ ಏನು ಅಂತ ಒಂದು ಮಾತು ಹೇಳಿದ್ರೆ ದೊಡ್ಡ ಮೇಡಂ ಅದನ್ನ ಮುಟ್ಟೋಕೇ ಬಿಡ್ತಿರಲಿಲ್ಲ. ಟೈಮ್‌ಟೇಬಲ್‌ನಲ್ಲೇ ಬರೆಸ್ತಿದ್ರು.”

“ಅದಕ್ಕೇ ಹೇಳ್ಲಿಲ್ಲ.” ಅವರು ಸೂಜಿಯನ್ನು ಎದೆಯ ಬಳಿ ಚುಚ್ಚಿಕೊಂಡರು. “ಹರಿದ ಬಟ್ಟೆ ಪೀರಿಯಡ್ ಅಂತ ಬರೆದು ಗೋಡೆಗೆ ಅಂಟಿಸಿ ನೋಡಿ, ಒಂದು ಮಗು ಬರಲ್ಲ. ಗುಂಡಿಗೆ ಹೆಸ್ರಿಲ್ಲ, ಬಂದವ್ರಿಗೂ ಹೆಸ್ರಿಲ್ಲ. ಅದಕ್ಕೇ ನಡೀತು ಇಷ್ಟು ವರ್ಷ.”

“ಮತ್ತೆ ಅದನ್ನೇ ಯಾಕೆ ಕಿತ್ತಿರಿ?”

“ಎರಡು ದಿನ ಹುಡುಕಿದೆ, ಮೇಷ್ಟ್ರೇ. ಬೇರೆ ದಾರಿ ಇರ್ಲಿಲ್ಲ. ಅಂಗಿ ಹೊಲಿಯೋಕೆ ಮೆಟ್ಟಿಲ ಕೆಳಗಾದ್ರೂ ಆಗತ್ತೆ. ಓದೋಕೆ ಆಗತ್ತಾ?” ಅವರು ಡಬ್ಬಿ ಎತ್ತಿಕೊಂಡು ಎದ್ದರು. ಗಂಟೆ ಹೊಡೆದಾಗಿತ್ತು.

ಅವತ್ತು ಸಂಜೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಖಾಲಿ ಹೊಲಿಗೆ ಕೋಣೆಯಲ್ಲಿ ಒಬ್ಬನೇ ಕೂತು, ಆ ಬಟ್ಟೆಯನ್ನು ಹೊಸದಾಗಿ ನೋಡಿದೆ. ನನ್ನ ವಿಷಯಕ್ಕೆ ನಾನು ಕೊಡುತ್ತಿದ್ದ ಬಣ್ಣನೆಗಳೆಲ್ಲ ನೆನಪಾದವು. ಎಲ್ಲವನ್ನೂ ಹೆಸರಿಟ್ಟು, ಎಣಿಸಿ, ಚೌಕದಲ್ಲಿ ಕೂರಿಸುವ ವಿದ್ಯೆ ಅದು. ಇಲ್ಲಿ ಒಬ್ಬರು ಅದೇ ವಿದ್ಯೆಯನ್ನು ಅರಗಿಸಿಕೊಂಡು, ಹೆಸರಿಡಬಾರದ್ದಕ್ಕೆ ಹೆಸರಿಡದೆ ಒಂದು ಚೌಕ ಕಾಯ್ದಿಟ್ಟಿದ್ದರು. ಎಷ್ಟು ಮಕ್ಕಳೋ ಅವರೂ ಎಣಿಸಿರಲಿಕ್ಕಿಲ್ಲ. ಆ ಮೂಲೆಯ ಹಸಿರು ಪರದೆಯನ್ನು ನೋಡುತ್ತಿದ್ದಂತೆ ದಾರಿ ಹೊಳೆಯಿತು.

ಮರುದಿನ ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ಅವರ ಮುಂದೆ ನಿಂತೆ. “ಟೀಚರ್, ನಾಲ್ಕನೇ ಪೀರಿಯಡ್‌ನಲ್ಲಿ ನೀವು ಪರದೆ ಹಿಂದೆ ಕೂತ್ಕೊಳ್ಳಿ. ಮುಂದೆ ನಾನು ಪಾಠ ಮಾಡ್ತಿರ್ತೀನಿ. ಮಕ್ಕಳು ಬಾಗಿಲು ತಟ್ಟಿ, ಪ್ರಿಂಟರ್ ಪೇಪರ್ ಬೇಕಂತೆ ಸರ್ ಅನ್ಲಿ. ಹಿಂದೆ ಇದೆ, ತಗೋ ಅಂತೀನಿ. ಹೋಗುವಾಗ ಒಂದು ಖಾಲಿ ಹಾಳೆ ಹಿಡ್ಕೊಂಡು ಹೋದ್ರೆ ಯಾರಿಗೇನು ಗೊತ್ತಾಗತ್ತೆ?”

ಅವರು ನನ್ನನ್ನು ಮತ್ತೆ ಮೇಲಿಂದ ಕೆಳಗೆ ನೋಡಿದರು. “ಪರವಾಗಿಲ್ವೇ. ಸ್ವಲ್ಪ ಬಣ್ಣ ಹತ್ತಿದೆ.”

ಹಾಗೇ ನಡೆಯಿತು. ನಾನು ಚುಕ್ಕೆಗೆ ಮೆಟ್ಟಿಲು ಹತ್ತಿಸುವಾಗ ಪರದೆಯ ಹಿಂದೆ ದಾರ ಎಳೆಯುವ ಸದ್ದು ಬರುತ್ತಿತ್ತು. ಬಾಗಿಲು ತಟ್ಟಿದರೆ ಒಂಬತ್ತು ಮಕ್ಕಳಲ್ಲಿ ಒಬ್ಬರೂ ತಲೆಯೆತ್ತುತ್ತಿರಲಿಲ್ಲ. ಅಂಥ ಶಿಸ್ತನ್ನು ನಾನು ಮತ್ತೆಂದೂ ಯಾವ ತರಗತಿಯಲ್ಲೂ ಕಂಡಿಲ್ಲ. ಪ್ರಿಂಟರೇ ಇಲ್ಲದ ಕೋಣೆಯಲ್ಲಿ ಇಷ್ಟು ಕಾಗದ ಹೇಗೆ ಖರ್ಚಾಗುತ್ತದೆ ಎಂದು ದೊಡ್ಡ ಮೇಡಂ ಒಮ್ಮೆ ಕೇಳಿದರು. ಕಂಪ್ಯೂಟರ್ ಅಂದ್ರೆ ಹಾಗೇ ಮೇಡಂ, ಕಾಗದ ತಿನ್ನತ್ತೆ ಎಂದೆ. ಅವರು ನನ್ನನ್ನು ತುಸು ಹೊತ್ತು ನೋಡಿ, ಮಾರನೆಯ ದಿನ ಎರಡು ಕಟ್ಟು ಹಾಳೆ ಕಳಿಸಿದರು. ‘ಯಾಕೆ’ ಅಂತೂ ಒಂದು ದಿನ ಪಾಠ ಮುಗಿದ ಮೇಲೆ ಪರದೆಯ ಪಕ್ಕ ನಿಂತು, ಬಟ್ಟೆಯ ಮೇಲೆ ಬೆರಳಿಟ್ಟು ಹುಡುಕುವುದು ಹೇಗೆ ಎಂದು ಟೀಚರನ್ನೇ ಪೀಡಿಸುತ್ತಿದ್ದಳು. ಎಣಿಸುವುದು ಹೇಗೆ ಎಂದು ಹೇಳಿಕೊಡುವವರು ಅವಳಿಗೆ ಇಬ್ಬರಾದರು.

ಒಂದೇ ತೊಡಕು ಉಳಿದಿತ್ತು. ಬಟ್ಟೆಯ ಮೇಲೆ ಅವರಿಗೆ ಆ ಹೊತ್ತು ಇನ್ನೂ ಬಿಡುವೇ. ಗುಮಾಸ್ತರು ಯಾವಾಗ ಬೇಕಾದರೂ ಬೇರೆ ಕ್ಲಾಸಿಗೆ ಎಬ್ಬಿಸಬಹುದಿತ್ತು. ಒಂದು ಸಂಜೆ ನಾನೇ ಡಬ್ಬಿಯಿಂದ ಆ ಐದು ಕರಿ ಗುಂಡಿ ಹುಡುಕಿ ತೆಗೆದು, ಬಟ್ಟೆಯ ಮುಂದೆ ಮಂಡಿಯೂರಿ, ನನ್ನ ಗುಂಡಿಯ ಪಕ್ಕದಲ್ಲೇ ಒಂದೊಂದನ್ನೂ ಹೊಲಿದೆ. ಮೂರು ಸಲ ಬೆರಳು ಚುಚ್ಚಿಕೊಂಡೆ. ಒಂದು ಗುಂಡಿ ಡೊಂಕಾಯಿತು, ಇನ್ನೊಂದರ ದಾರ ಹಿಂದೆ ಜಡೆಯಾಯಿತು.

ಬೆಳಗ್ಗೆ ಟೀಚರ್ ಬಂದವರು, ದಿನದ ರೂಢಿಯಂತೆ, ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಬೆರಳು ಓಡಿಸತೊಡಗಿದರು. ಗಂಟೆಗೆ ಮುಂಚೆ ತಪ್ಪು ಹುಡುಕುವುದು ಅವರ ಕ್ರಮ. ಒಂದು ಚೌಕದಲ್ಲಿ ಒಂದೇ ಗುಂಡಿ ಎಂಬುದು ಅವರ ಮೊದಲ ನಿಯಮ, ಮೂವತ್ತೊಂದು ವರ್ಷ ಅದನ್ನು ಮುರಿದಿರಲಿಲ್ಲ. ನಾನು ಹಿಂದೆಯೇ ನಿಂತಿದ್ದೆ. ಬೆರಳು ಕೆಳಗಿಳಿಯಿತು, ಹೊಲಿಗೆ ಕೋಣೆಯ ಸಾಲಿಗೆ ಬಂತು, ಒಂದು, ಎರಡು, ಮೂರು, ನಾಲ್ಕನೇ ಚೌಕದಲ್ಲಿ ನಿಂತಿತು. ಪಾರದರ್ಶಕ ಗುಂಡಿಯನ್ನು ಮುಟ್ಟಿತು. ಪಕ್ಕದ ಕರಿ ಗುಂಡಿಯನ್ನು ಮುಟ್ಟಿತು. ನನ್ನ ಡೊಂಕು ಹೊಲಿಗೆಯನ್ನು ಒಂದು ಸುತ್ತು ಸವರಿತು.

ಕಣ್ಣು ತೆರೆಯದೆ ಅವರು, “ಸರಿ ಇದೆ” ಎಂದರು, ಬೆರಳು ಐದನೇ ಪೀರಿಯಡ್‌ಗೆ ಹೋಯಿತು.